ಎಕಂಬಾ ಬಿಟ್ಟು ಬೀದರಕ್ಕೆ ಬಂದ ನರ್ಸ್‌ಬಾಯಿ

ಹೋದ ತಿಂಗಳು ಭಾಲ್ಕಿಯ ಒಂದು ಬಾಡಿಗೆ ಕೋಣೆಯಿಂದ ನಮ್ಮ ನರ್ಸ್‌ಬಾಯಿಯವರನ್ನು ಎತ್ತಿದಾಗ ಹಿಂದೆ ನಡೆದವರು ನಾವು ಹನ್ನೊಂದು ಮಂದಿ. ಹಲಬರ್ಗಾದಿಂದ ಬಂದ ಅವರ ತಮ್ಮ, ಅವನ ಮನೆಯವರು, ಕೋಣೆಯ ಮಾಲಕರು, ಬುದ್ಧ ವಂದನೆ ಹೇಳಲು ಬಂದ ಇಬ್ಬರು ಹಿರಿಯರು, ಮತ್ತೆ ನಾನು. ಔರಾದ ತಾಲೂಕಿನ ಎಕಂಬಾ ಎಂಬ ಒಂದೇ ಊರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ಮಾಡಿಸಿದ ಹೆಂಗಸು ಅವರು. ಆ ಕೈಗೆ ಬಿದ್ದು ಮೊದಲ ಸಲ ಅತ್ತ ಮಕ್ಕಳಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಅವರ ತಪ್ಪಲ್ಲ, ಯಾರೂ ಅವರಿಗೆ ಹೇಳಿರಲಿಲ್ಲ. ಎಕಂಬಾಕ್ಕೆ ಸುದ್ದಿ ಮುಟ್ಟಿಸಬೇಕಿತ್ತು ಎಂದು ನನಗೆ ಹೊಳೆದದ್ದು ಮಣ್ಣು ಕೊಟ್ಟು ಬಂದು ಕೈಕಾಲು ತೊಳೆಯುವಾಗ.

ಅವರಿಗೆ ಒಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಎಕಂಬಾದಲ್ಲಿ ನರ್ಸ್‌ಬಾಯಿ ಅಂದರೆ ಅವರೇ. ನರ್ಸಿನ ತರಬೇತಿ ಮುಗಿಸಿ ನಾನು ಮೊದಲ ವರ್ಷ ಕೆಲಸ ಕಲಿಯಲು ಹೋದದ್ದು ಅವರ ಕೈಕೆಳಗೆ. ಎರಡು ಕೋಣೆಯ ಉಪಕೇಂದ್ರ. ಮುಂದಿನದು ದವಾಖಾನೆ, ಹಿಂದಿನದು ಅವರ ಮನೆ. ಗೋಡೆಗೆ ಬಾಬಾಸಾಹೇಬರ ಒಂದು ಫೋಟೋ, ಅದರ ಕೆಳಗೆ ಲಸಿಕೆಯ ಡಬ್ಬಿ. ಗಂಡ ಮದುವೆಯಾದ ಎರಡನೇ ವರ್ಷಕ್ಕೇ ತೀರಿದ್ದ, ಮಕ್ಕಳಿರಲಿಲ್ಲ.

ಗಿಡ್ಡ ಆಳು, ಬಿರುಸು ನಡಿಗೆ. ಕನ್ನಡಕ ಜಾರಿದರೆ ಬೆರಳಿನಿಂದ ಮುಟ್ಟುತ್ತಿರಲಿಲ್ಲ, ಮಣಿಕಟ್ಟಿನಿಂದ ಮೇಲೆ ತಳ್ಳುತ್ತಿದ್ದರು. "ಬಟ್ಟು ಯಾವಾಗ ಬೇಕಾಗ್ತದೋ ಗೊತ್ತಿಲ್ಲ, ಸ್ವಚ್ಛ ಇಟ್ಕೋ" ಎಂದು ನನಗೂ ಹೇಳುತ್ತಿದ್ದರು.

ಮೊದಲ ವಾರ ನಾನು ಬಸಿರು ಹೆಂಗಸರ ಪಟ್ಟಿ ಮಾಡಲು ಕಾಗದ ಪೆನ್ನು ಹಿಡಿದು ಹೊರಟೆ. ಅವರು ನಕ್ಕರು. ಓಣಿಯಲ್ಲಿ ನಡೆಯುತ್ತಾ ಒಂದು ಮನೆಯ ಹಿತ್ತಿಲನ್ನು ಕಣ್ಣಲ್ಲೇ ತೋರಿಸಿದರು. ಹಗ್ಗದ ಮೇಲೆ ಸೀರೆ, ಲಂಗ, ಮಕ್ಕಳ ಚಡ್ಡಿ ಒಣಗುತ್ತಿದ್ದವು.

"ಏನ್ ಕಾಣ್ಲತ್ತದ?"

"ಅರಬಿ ರಿ."

"ಏನ್ ಕಾಣವಲ್ದು ನೋಡು. ಆ ಮೂಲ್ಯಾಗ ತಿಂಗಳಿಗೊಮ್ಮಿ ಹಳಿ ಬಟ್ಟಿ ತುಣುಕು ಒಣಗ್ತಿದ್ವು. ಎರಡು ತಿಂಗಳಾತು, ಒಣಗಿಲ್ಲ. ಹೋಗಿ ಕೇಳು."

ಹೋಗಿ ಕೇಳಿದೆ. ಆ ಸೊಸೆ ಇನ್ನೂ ಅತ್ತೆಗೂ ಹೇಳಿರಲಿಲ್ಲ. ನರ್ಸ್‌ಬಾಯಿಗೆ ಹೇಗೆ ತಿಳಿಯಿತೆಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಿಂತಳು.

ಇದನ್ನು ಹೇಳಿದಾಕ್ಷಣ ಹಳ್ಳಿಯ ಹಾಡು ಹಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಹಗ್ಗದ ಬಟ್ಟೆ ನೋಡಿ ಬಸಿರು ತಿಳಿಯುವ ಊರಿಗೆ ಯಾರು ಯಾವ ಓಣಿಯವರೆಂಬುದೂ ಹಾಗೇ ತಿಳಿಯುತ್ತದೆ. ನಾನು ಹೋಗುವ ಮುಂಚೆ ಊರ ನಡುವಿನ ಒಂದು ದೊಡ್ಡ ಮನೆಯಲ್ಲಿ ಸೊಸೆಗೆ ನೋವು ಬಂದಾಗ ಇವರನ್ನು ಹಿತ್ತಿಲ ಬಾಗಿಲಿಂದ ಕರೆಸಿದರು. ಕೂಸು ಅಡ್ಡ ತಿರುಗಿತ್ತು. ಔರಾದಕ್ಕೆ ಒಯ್ಯುವಷ್ಟು ಹೊತ್ತಿರಲಿಲ್ಲ. ಮೂರು ತಾಸು ಬೆವರು ಸುರಿಸಿ ತಾಯಿ ಮಗು ಇಬ್ಬರನ್ನೂ ಉಳಿಸಿದರು. ಕೈ ತೊಳೆದು ಹೊರಗೆ ಬಂದು ಚೀಲ ಮರೆತದ್ದು ನೆನಪಾಗಿ ತಿರುಗಿದರೆ, ಅವರು ಕೂತಿದ್ದ ಜಾಗಕ್ಕೆ ಆ ಮನೆಯ ಮುದುಕಿ ನೀರು ಚಿಮುಕಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನರ್ಸ್‌ಬಾಯಿ ಚೀಲ ಎತ್ತಿಕೊಂಡು ಬಂದರು.

ಅದೇ ಮನೆಯ ಎರಡನೇ ಹೆರಿಗೆಗೆ ಅವರು ಮತ್ತೆ ಹೋದಾಗ ನಾನು ಜೊತೆಗಿದ್ದೆ. ದಾರಿಯಲ್ಲಿ ತಡೆಯಲಾರದೆ ಕೇಳಿದೆ, "ಸಿಟ್ಟು ಬರಲ್ಲೇನ್ರಿ ನಿಮಗ?"

"ಬರ್ತದ. ಸಿಟ್ಟು ಬಂದ್ರ ನಾ ಇನ್ನೂ ಲಗೂ ನಡೀತೇನಿ. ಲಗೂ ನಡದ್ರ ಲಗೂ ಮುಟ್ಟತೇನಿ. ನೀನೂ ನಡಿ."

ಅವರು ಹಳ್ಳಿಯನ್ನು ಪ್ರೀತಿಸುತ್ತಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಬಲ್ಲವರಾಗಿದ್ದರು, ಅಷ್ಟೇ. ಶಹರವನ್ನು ಮಾತ್ರ ನಂಬಿದ್ದರು. ಆ ನಂಬಿಕೆ ಗಟ್ಟಿಯಾದದ್ದು ಒಂದು ಮಧ್ಯಾಹ್ನ.

ನಾನು ಆಗ ಎಕಂಬಾ ಬಿಟ್ಟು ಬೀದರದ ಒಂದು ನಗರ ಆರೋಗ್ಯ ಕೇಂದ್ರಕ್ಕೆ ಸೇರಿದ್ದೆ. ಆಮೇಲೆ ಅವರ ಬಾಯಿಂದಲೇ ಕೇಳಿದ್ದು ಇದು. ಒಬ್ಬ ಗೌಂಡಿಯ ಹೆಂಡತಿ, ಮೂರನೇ ಹೆರಿಗೆ, ಸಲೀಸಾಗಿ ಆಯಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಸೂಜಿ ಕೊಟ್ಟರು, ಹೊಟ್ಟೆ ಹಿಸುಕಿದರು, ನಿಲ್ಲಲಿಲ್ಲ. ಊರಿಗೆ ಊರೇ ಓಡಿ ಬಂತು. ಒಬ್ಬ ಜೀಪು ತಂದ, ಒಬ್ಬಳು ಗಾದಿ ಹಾಸಿದಳು, ದೊಡ್ಡ ಮನೆಯ ಅದೇ ಮುದುಕಿ ಎರಡು ಹೊಸ ಧೋತರ ಕಳಿಸಿದಳು. ಯಾರನ್ನೂ ಕರೆಯಬೇಕಾಗಲಿಲ್ಲ. ಔರಾದ ಮುಟ್ಟಿದರು. ಅಲ್ಲಿ ರಕ್ತ ಇರಲಿಲ್ಲ, ಬೀದರಕ್ಕೆ ಒಯ್ಯಿರಿ ಅಂದರು. ಇನ್ನೂ ತಾಸಿಗೂ ಮಿಕ್ಕಿದ ದಾರಿ. ನರ್ಸ್‌ಬಾಯಿ ತನ್ನ ಮುಷ್ಟಿಯಿಂದ ಆಕೆಯ ಹೊಟ್ಟೆಯನ್ನು ಒತ್ತಿ ಹಿಡಿದೇ ಕೂತಿದ್ದರು. ಅರ್ಧ ದಾರಿಗೆ ಆಕೆ "ಬಾಯಿ, ಥಂಡಿ ಆಗ್ಲತ್ತದ" ಅಂದಳು. ಮಟಮಟ ಬಿಸಿಲು. ಆಮೇಲೆ ಮಾತಾಡಲಿಲ್ಲ.

"ಮಂದಿ ಏನೂ ಕಡಿಮಿ ಮಾಡ್ಲಿಲ್ಲ" ಎಂದು ಅವರು ನನಗೆ ಹೇಳಿದರು. "ಊರ ಮಂದಿ ತಮ್ಮ ಮೈಯಾಗಿನ ರಕ್ತ ಕೊಡ್ತೇವಿ ಅಂತ ಬಾಗಿಲ ಮುಂದ ನಿಂತಿದ್ರು. ತಗೊಳ್ಳೂ ಮಷೀನು ಬೀದರದಾಗ ಅದ. ಹೆಣ್ಣು ಎಕಂಬಾದಾಗ ಅದ. ಇನ್ನ ನನ್ನ ಕೈಲಿ ಆಗಂಗಿಲ್ಲ. ರಕ್ತ ಇದ್ದಲ್ಲಿ ಹೋಗ್ತೇನಿ."

ವರ್ಗಕ್ಕೆ ಅರ್ಜಿ ಹಾಕಿದರು. ಬಹಳ ಕಾಲ ಆಗಲಿಲ್ಲ, ಕೊನೆಗೆ ಆಯಿತು. ನಾನಿದ್ದ ಕೇಂದ್ರಕ್ಕೇ ಬಂದರು. ನಿವೃತ್ತಿಗೆ ಆಗ ನಾಲ್ಕು ವರ್ಷ ಉಳಿದಿತ್ತು.

ನನಗೆ ಹಬ್ಬದಷ್ಟು ಖುಷಿ. ಅವರ ಮುಖದಲ್ಲಿಯೂ ಮೊದಲ ತಿಂಗಳು ಒಂದು ಕಳೆ ಇತ್ತು. ದೊಡ್ಡ ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ. ರಕ್ತ ಇದೆ, ಡಾಕ್ಟರರು ಇದ್ದಾರೆ, ಲೈಟು ಹೋದರೆ ಜನರೇಟರು ಇದೆ. "ಇಲ್ಲಿ ಸಾಯಾಕ ಕಾರಣನೇ ಇಲ್ಲ ನೋಡು" ಎಂದು ಒಂದು ದಿನ ಚಹಾ ಕುಡಿಯುತ್ತಾ ಹೇಳಿದ್ದರು. ಬಾಡಿಗೆ ಮನೆ ಹುಡುಕುವಾಗ ಅಡ್ಡಹೆಸರು ಕೇಳಿ ಜಾತಿ ತಿಳಿದು ಮೂರು ಕಡೆ ಇಲ್ಲ ಅಂದದ್ದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

ನಮ್ಮ ಕೇಂದ್ರಕ್ಕೆ ಎರಡು ಭಾಗ ಸೇರುತ್ತಿದ್ದವು. ಒಂದು ಚೌಬಾರಾ ಗೋಪುರದ ಹಿಂದಿನ ಹಳೇ ಗಲ್ಲಿಗಳು. ಅಲ್ಲಿ ಅವರಿಗೆ ತೊಂದರೆ ಆಗಲಿಲ್ಲ. ಬಾಗಿಲ ಪರದೆ ಸರಿಸಿ "ಆವ್ ಆಪಾ, ಬೈಠೋ" ಎಂದು ಒಳಗೆ ಕರೆದು ಕೂರಿಸುವ ಹೆಂಗಸರು. ಮೂರು ತಲೆಮಾರು ಅದೇ ಮನೆ, ಅದೇ ಕಟ್ಟೆ. ಯಾರ ಸೊಸೆ ಯಾವ ತಿಂಗಳು ಎಂಬುದು ಎದುರು ಮನೆಯವಳಿಗೆ ಬಾಯಿಪಾಠ. ಇನ್ನೊಂದು ಭಾಗ ಊರ ಹೊರಗಿನ ಹೊಸ ಬಡಾವಣೆ. ಗೇಟು, ಜಾಲರಿ, ಜಾಲರಿಯ ಹಿಂದಿನಿಂದ "ಯಾರ್ ಬೇಕ್ರಿ?" ಎಂಬ ದನಿ. ಇವತ್ತು ಇದ್ದ ಬಾಡಿಗೆಯವರು ಮುಂದಿನ ತಿಂಗಳು ಇಲ್ಲ. ಬಟ್ಟೆ ಒಣಗುವುದು ಮಾಳಿಗೆಯ ಮೇಲೆ, ಕಣ್ಣಿಗೆ ಬೀಳುವುದಿಲ್ಲ. ಒಂದು ಮನೆಯಲ್ಲಿ ಪಕ್ಕದ ಮನೆಯವರ ಬಗ್ಗೆ ಕೇಳಿದಾಗ ಆ ಹೆಂಗಸು ಹೇಳಿದಳು: "ನಮಗೇನ್ ಗೊತ್ರಿ, ಅವ್ರು ಆ ಸೈಟಿನವ್ರು." ನರ್ಸ್‌ಬಾಯಿ ಹೊರಗೆ ಬಂದು ಎರಡು ಮನೆಗಳ ನಡುವಿನ ಗೋಡೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಒಂದೇ ಗೋಡೆ.

ಇಲ್ಲಿ ಕಾಗದ ಪೆನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಅವರಿಗೆ ಗೆರೆ, ಅಡ್ಡಗೆರೆ ಹಾಕಿದ ಮನೆ ನಂಬರು ಹೊಂದಿಸುವುದು ಕಷ್ಟವಾಗುತ್ತಿತ್ತು. ಹಾಗಾಗಿ ಬರೆಯುವ ಕೆಲಸ ನನ್ನದು, ಬಾಗಿಲು ಬಡಿಯುವ ಕೆಲಸ ಅವರದು. ಬಡಾವಣೆಯ ಕೊನೆಯ ರಸ್ತೆಯಲ್ಲಿ ಮೂರಂತಸ್ತಿನ ಒಂದು ಕಟ್ಟಡ ಏಳುತ್ತಿತ್ತು. ಬಾಗಿಲಿಲ್ಲ, ಕಿಟಕಿಯಿಲ್ಲ, ಮುಂದೆ ಉಸುಕಿನ ಗುಡ್ಡೆ. ನರ್ಸ್‌ಬಾಯಿ ನಿಂತರು.

"ಇದರಾಗ ಯಾರರ ಇರ್ತಾರೇನು?"

ನನಗೆ ಆ ದಿನ ಹಸಿವಾಗಿತ್ತು. ಇನ್ನೂ ಒಂದು ರಸ್ತೆ ಉಳಿದಿತ್ತು. "ಇದು ಮನಿ ಅಲ್ರಿ, ಕಟ್ಟೋದು ನಡದದ. ನಂಬರೂ ಕೊಟ್ಟಿಲ್ಲ" ಎಂದು ಹೇಳಿ 'ಖಾಲಿ' ಎಂದು ಬರೆದೆ. ಅವರು ನನ್ನ ಮಾತು ನಂಬಿದರು. ಶಹರ ನನಗೆ ಗೊತ್ತು, ತಮಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು.

ಮೂರು ತಿಂಗಳ ಮೇಲೆ ಒಂದು ಸೋಮವಾರ, ಬೆಳಗಿನ ಹತ್ತರ ಸುಮಾರಿಗೆ ದೊಡ್ಡ ಆಸ್ಪತ್ರೆಯಿಂದ ಫೋನು ಬಂತು. ನಮ್ಮ ಭಾಗದ ಒಬ್ಬ ಬಸಿರು ಹೆಂಗಸು ಸತ್ತಿದ್ದಾಳೆ, ಪಟ್ಟಿ ತೆಗೆದುಕೊಂಡು ಬನ್ನಿ. ಇಬ್ಬರೂ ಹೋದೆವು. ಎಂಟನೇ ತಿಂಗಳು. ಬಿ.ಪಿ. ಏರಿ, ಕಾಲು ಮುಖ ಊದಿ, ಎರಡು ದಿನ ತಲೆನೋವು ಅನ್ನುತ್ತಾ ಮಲಗಿದ್ದಳಂತೆ. ಬೆಳಿಗ್ಗೆ ಫಿಟ್ಸು ಬಂದಿದೆ. ಗಂಡ ಗಾಬರಿಯಾಗಿ ರಸ್ತೆಗೆ ಓಡಿ ಎಂಟು ಹತ್ತು ಗೇಟು ಬಡಿದಿದ್ದಾನೆ. ಒಬ್ಬರು ತೆಗೆದು, ಅವನ ಸಿಮೆಂಟು ಮೆತ್ತಿದ ಬಟ್ಟೆ ನೋಡಿ ಮುಚ್ಚಿದರಂತೆ. ಕೊನೆಗೆ ಉಸುಕಿನ ಟ್ರ್ಯಾಕ್ಟರಿನಲ್ಲೇ ಹಾಕಿಕೊಂಡು ಬಂದಿದ್ದಾನೆ. ಬರುವಷ್ಟರಲ್ಲಿ ಮುಗಿದಿತ್ತು. ತಿಂಗಳ ಹಿಂದೆ ಯಾರಾದರೂ ಒಮ್ಮೆ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ್ದರೆ ಸಾಕಿತ್ತು.

ಹೆಣದ ಮೇಲಿನ ಬಟ್ಟೆ ಸರಿಸಿದಾಗ ನಮಗೆ ಗುರುತು ಸಿಗಲಿಲ್ಲ. ಮುಖ ಅಷ್ಟು ಊದಿತ್ತು. ಹೆಸರು ಸುನೀತಾ ಅಂದರು, ಎಷ್ಟೋ ಜನ ಸುನೀತಾ ಇರುತ್ತಾರೆ. ಮಧ್ಯಾಹ್ನ ಊರಿಂದ ಆಕೆಯ ತಾಯಿ ಬಂದಳು. ಅವಳನ್ನು ಕಂಡ ಕೂಡಲೇ ನರ್ಸ್‌ಬಾಯಿ ಗುರುತು ಹಿಡಿದರು. ಎಕಂಬಾದ ಕಾಶೆಮ್ಮ. ಉಪಕೇಂದ್ರದಿಂದ ನಾಲ್ಕನೇ ಮನೆ. ಸುನೀತಾ ಹುಟ್ಟಿದ್ದು ನರ್ಸ್‌ಬಾಯಿ ಆ ಊರಿಗೆ ಬಂದ ಮೊದಲ ವರ್ಷ, ಇವರ ಕೈಯಲ್ಲೇ.

ಕಾಶೆಮ್ಮ ಮಗಳ ಮುಖ ನೋಡಿದಳು. ಆಮೇಲೆ ತಲೆ ಎತ್ತಿ ನರ್ಸ್‌ಬಾಯಿಯನ್ನು ನೋಡಿದಳು. ಅವಳು ಅತ್ತದ್ದು ಆಮೇಲೆ. ಮೊದಲು ಕೇಳಿದಳು:

"ಬಾಯಿ, ನೀವು ಇದೇ ಊರಾಗ ಇದ್ರೇನ್ರಿ?"

ಬೈಗುಳವಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದ್ದು. ಒಂದೇ ಊರಲ್ಲಿ ನರ್ಸ್‌ಬಾಯಿ ಇದ್ದು, ತನ್ನ ಮಗಳೂ ಇದ್ದು, ಒಬ್ಬರಿಗೊಬ್ಬರು ಸಿಗದೆ ಇರುವುದು ಹೇಗೆಂದು ಅವಳಿಗೆ ಅರ್ಥವೇ ಆಗಿರಲಿಲ್ಲ.

ಗಂಡ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಅವನೇ ಉಳಿದದ್ದು ಹೇಳಿದ. "ಅಕಿ ದಿನಾ ಅಂತಿದ್ಳ್ರಿ, ನಮ್ಮ ನರ್ಸ್‌ಬಾಯಿ ಬೀದರಕ್ಕ ಬಂದಾರ, ಅವ್ರಿಗಿ ತೋರಿಸ್ಕೋತೇನಿ ಅಂತ. ನಾ ಕಿರಾಣಿ ಅಂಗಡ್ಯಾಗ ಕೇಳಿನ್ರಿ. ಯಾವ ನರ್ಸು, ಯಾವ ಆಸ್ಪತ್ರಿ ಅಂದ್ರು. ನಂಬರ್ ಇತ್ತು, ಹಚ್ಚಿದ್ರ ಬಂದ್ ಬರ್ತಿತ್ತು."

ಆ ನಂಬರು ಎಕಂಬಾದ ಹುದ್ದೆಗೆ ಕೊಟ್ಟದ್ದು. ವರ್ಗವಾದಾಗ ಸಿಮ್ಮನ್ನು ನರ್ಸ್‌ಬಾಯಿ ಅಲ್ಲೇ ಬಿಟ್ಟು ಬಂದಿದ್ದರು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ.

"ಎಲ್ಲಿದ್ರಪಾ ನೀವು?" ಎಂದು ನರ್ಸ್‌ಬಾಯಿ ಕೇಳಿದರು.

ಅವನು ಬಡಾವಣೆಯ ಹೆಸರು ಹೇಳಿದ. ಕೊನೆಯ ರಸ್ತೆ, ಉಸುಕಿನ ಗುಡ್ಡೆ, ಒಳಗೆ ಮೆಟ್ಟಿಲ ಕೆಳಗಿನ ಜಾಗ. ನನ್ನ ಕೈಯಲ್ಲಿದ್ದ ಪಟ್ಟಿ ಬೆವರಿಗೆ ಮೆತ್ತಗಾಗಿತ್ತು. ನರ್ಸ್‌ಬಾಯಿ ನನ್ನ ಕಡೆ ತಿರುಗಲಿಲ್ಲ.

ಔರಾದದ ಪಟ್ಟಿ ತರಿಸಿ ನೋಡಿದರು. ಅಲ್ಲಿ ಸುನೀತಾಳ ಹೆಸರಿನ ಮುಂದೆ 'ವಲಸೆ' ಎಂದಿತ್ತು. ನಮ್ಮ ಪಟ್ಟಿಯಲ್ಲಿ 'ಖಾಲಿ'.

ವಿಚಾರಣೆ ಆಯಿತು. ಅಧಿಕಾರಿ ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದ ಹೆಂಗಸಿಗೆ ತೊಂದರೆ ಆಗುವುದು ಅವರಿಗೆ ಬೇಕಿರಲಿಲ್ಲ. "ಕಟ್ಟಡಕ್ಕೆ ನಂಬರ್ ಇರಲಿಲ್ಲ, ಹಾಗಾಗಿ ಸಮೀಕ್ಷೆಯಲ್ಲಿ ಬಂದಿಲ್ಲ ಅಂತ ಬರೀರಿ, ಮುಗೀತದ" ಎಂದರು. ನಾನೂ ಹಾಗೇ ಬರೆಯಿರಿ ಎಂದು ಕೈ ಮುಗಿದು ಬೇಡಿದೆ. ಆ ಬೇಡಿಕೆ ಅವರಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಈಗ ಕೇಳಿದರೆ ಹೇಳಲಾರೆ. ಅವರು ಬರೆದದ್ದು ಇಷ್ಟು: 'ನಾನು ಪ್ರತಿ ಮಂಗಳವಾರ ಆ ಕಟ್ಟಡದ ಮುಂದೆ ಹಾದು ಹೋಗಿದ್ದೇನೆ. ಒಳಗೆ ಹೋಗಿ ನೋಡಿಲ್ಲ.' ನನ್ನ ಹೆಸರು ಎಲ್ಲೂ ಇರಲಿಲ್ಲ. ಅವರಿಗೆ ಒಂದು ವರ್ಷದ ವೇತನ ಬಡ್ತಿ ನಿಂತಿತು. ನನಗೆ ಏನೂ ಆಗಲಿಲ್ಲ.

ಆ ವಾರವೇ ನಾನು ಅವರ ಮನೆಗೆ ಹೋಗಿ, "'ಖಾಲಿ' ಅಂತ ಬರದಾಕಿ ನಾನ ರಿ" ಅಂದೆ.

ಅವರು ಅಕ್ಕಿ ಆರಿಸುತ್ತಿದ್ದರು. "ಹೌದು" ಎಂದರು. ಸಮಾಧಾನ ಹೇಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಕಾದೆ. ಎರಡೂ ಮಾಡಲಿಲ್ಲ. ಚಹಾ ಕೊಟ್ಟು ಕಳಿಸಿದರು.

ಅಲ್ಲಿಂದ ಮುಂದೆ ಅವರು ಬೇರೆ ಮನುಷ್ಯರಾದರು. ಕಟ್ಟುತ್ತಿರುವ ಪ್ರತಿ ಕಟ್ಟಡದೊಳಗೆ ನುಗ್ಗಿ, ಮೆಟ್ಟಿಲ ಕೆಳಗೆ ಬಗ್ಗಿ, "ಯಾರರ ಹೆಣ್ಮಕ್ಳ ಇದ್ದೀರೇನ್ರೇ?" ಎಂದು ಕೂಗುತ್ತಿದ್ದರು. ಕೆಲವೊಮ್ಮೆ ಒಳಗಿನ ಕತ್ತಲಿಂದ ಒಬ್ಬಳು ಮಗುವನ್ನೆತ್ತಿಕೊಂಡು ಹೊರಗೆ ಬರುತ್ತಿದ್ದಳು. ಬಹಳ ಸಲ ಗುತ್ತೇದಾರರು ಬೈದು ಅಟ್ಟುತ್ತಿದ್ದರು. ಒಂದು ಕಡೆ ಕಳ್ಳಿ ಎಂದುಕೊಂಡು ಚೀಲ ಕಸಿದು ನೋಡಿದರು. ಕಂಡವರನ್ನೆಲ್ಲ ಪಟ್ಟಿಗೆ ಸೇರಿಸಿ ಮುಂದಿನ ಮಂಗಳವಾರ ಹೋದರೆ ಅರ್ಧದಷ್ಟು ಜನ ಬೇರೆ ಕಡೆಗೆ ಹೋಗಿಬಿಟ್ಟಿರುತ್ತಿದ್ದರು. ಎಲ್ಲಿಗೆ ಎಂದು ಉಳಿದವರಿಗೂ ಗೊತ್ತಿರುತ್ತಿರಲಿಲ್ಲ. "ಗಂಗಾಳದಾಗಿನ ನೀರು ಎಣಿಸ್ದಂಗ ಆಗ್ಲತ್ತದ" ಎಂದು ಒಮ್ಮೆ ಹೇಳಿದರು. ಆ ಹೊತ್ತಿಗೆ ಅವರ ನಡಿಗೆಯ ಬಿರುಸು ಹೋಗಿತ್ತು.

ನಿವೃತ್ತಿಯ ದಿನ ಶಾಲು ಹೊದಿಸಿದೆವು. ಮಾತಾಡಿ ಎಂದರೆ ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡರು.

ಎಕಂಬಾಕ್ಕೆ ಹೋಗಿ ಇರಿ ಎಂದು ನಾನು ಹೇಳಿ ನೋಡಿದೆ. "ಕಾಶೆಮ್ಮನ ಮನಿ ಮುಂದ ಹಾಯ್ದು ಹೋಗ್ಬೇಕಲ್ಲ" ಎಂದರು. ಹಲಬರ್ಗಾದಲ್ಲಿ ತಮ್ಮನ ಮನೆಯಲ್ಲಿ ಎರಡು ತಿಂಗಳು ಇದ್ದರು. ಹದಿನೆಂಟಕ್ಕೆ ಬಿಟ್ಟ ಊರು ಅದು. ಓಣಿಯ ಹೊಸ ಸೊಸೆಯಂದಿರು "ಯಾರ್ ಬೇಕ್ರಿ?" ಎಂದು ಕೇಳಿದರಂತೆ. ಕೊನೆಗೆ ಭಾಲ್ಕಿಯಲ್ಲಿ, ಸ್ಟೇಷನ್ನಿನ ಕಡೆ ಒಂದು ಕೋಣೆ ಹಿಡಿದರು. ನನಗೂ ಭಾಲ್ಕಿಗೇ ವರ್ಗವಾಗಿತ್ತು. ವಾರಕ್ಕೊಮ್ಮೆ ಹೋಗುತ್ತಿದ್ದೆ. ಇದು ಹಳ್ಳಿಯೋ ಶಹರವೋ ಎಂದು ತಮಾಷೆಗೆ ಕೇಳಿದರೆ, "ನನಗ ಎರಡೂ ಆಯ್ತವ್ವ" ಎನ್ನುತ್ತಿದ್ದರು. ಯಕೃತ್ತಿನ ರೋಗ ತಿಳಿಯುವ ಹೊತ್ತಿಗೆ ತಡವಾಗಿತ್ತು. ಬೀದರದ ಆಸ್ಪತ್ರೆಗೆ ಹೋಗೋಣ ಎಂದೆ. ಬರಲಿಲ್ಲ.

ಮಣ್ಣಾದ ಒಂಬತ್ತನೇ ದಿನ ನಾನು ಎಕಂಬಾಕ್ಕೆ ಹೋದೆ. ಬಸ್ಸಿಳಿದಾಗ ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ಉಪಕೇಂದ್ರದ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಕಾಶೆಮ್ಮ ಅಂಗಳದಲ್ಲಿ ಉದ್ದು ಹಸನು ಮಾಡುತ್ತಿದ್ದಳು. ಸುದ್ದಿ ಹೇಳಿದೆ. ಮೊರ ಕೆಳಗಿಟ್ಟಳು.

"ಯಾವಾಗ್ರಿ?"

ಹೇಳಿದೆ.

"ನಮಗ ಒಂದ ಮಾತು ಹೇಳಿ ಕಳಿಸ್ಬಾರ್ದಾಗಿತ್ತೇನ್ರಿ? ಊರಿಗಿ ಊರೇ ಬರ್ತಿತ್ತಲ್ರಿ."

ಅಂಗಳಕ್ಕೆ ಚೆಲ್ಲಿದ್ದ ಉದ್ದನ್ನು ನಾನು ಆರಿಸಿ ಮೊರಕ್ಕೆ ಹಾಕಿದೆ. ಆಮೇಲೆ ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದಳು, "ನೀವು ಹ್ಯಾಂಗೂ ಬಂದೀರಿ, ನಮ್ಮ ಸೊಸಿಗಿ ಒಂದ್ಸಲ ನೋಡ್ರಿ" ಎಂದು ಹೇಳಿ ಒಳಗಿದ್ದ ಸೊಸೆಯನ್ನು ಕೂಗಿದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು ಆ ಹುಡುಗಿಗೆ. ಐದನೇ ತಿಂಗಳು. ಚೀಲದಲ್ಲಿದ್ದ ಪಟ್ಟಿ ತೆಗೆದು ತೋಳಿಗೆ ಸುತ್ತಿ ಬಿ.ಪಿ. ನೋಡಿದೆ, ಸರಿಯಿತ್ತು. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ರಕ್ತ ಕಡಿಮೆ. ಗುಳಿಗೆ ಬರೆದುಕೊಟ್ಟು, "ಮುಂದಿನ ತಿಂಗಳು ಔರಾದಕ್ಕ ಹೋಗಿ ತೋರಿಸ್ರಿ" ಎಂದೆ.

"ಮುಂದಿನ ತಿಂಗಳು ಇಲ್ಲಿರಂಗಿಲ್ರಿ" ಎಂದಳು ಹುಡುಗಿ. "ಸೋಯಾ ರಾಶಿ ಆದ ಮ್ಯಾಲ ಬೀದರಕ್ಕ ಹೋಗ್ತೇವಿ. ಅವ್ರಿಗಿ ಅಲ್ಲಿ ಕೆಲಸ ಸಿಕ್ಕದ."

"ಬೀದರದಾಗ ಎಲ್ಲಿ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಮುಖ ನೋಡಿದಳು.

"ಗೊತ್ತಿಲ್ರಿ" ಎಂದಳು ಹುಡುಗಿ. "ಯಾವುದೋ ಬಿಲ್ಡಿಂಗ್ ಕಟ್ಲತ್ತಾರಂತ."